ವಕಾಲತ್ತು ಯಾರ ಪರವಾಗಿ?

ಕನ್ನಡದ ಕೋರ್ಟು-ಕಚೇರಿಯ ಮಾತಿನಲ್ಲಿ ಅರಬಿ ಮೂಲದ ಪದಗಳು ಬಹಳ. ಅದಾಲತ್, ಜಾಮೀನು, ವಕೀಲ, ವಕಾಲತ್ತು- ಇವನ್ನು ಬಳಸುವಾಗ ಇವು ಎಲ್ಲಿಂದ ಬಂದವು ಎಂದು ಯಾರೂ ಕೇಳುವುದಿಲ್ಲ. ನಿಜಾಮರ ಆಡಳಿತ ಕಂಡ ಕಲಬುರಗಿ ಸೀಮೆಯಲ್ಲಂತೂ ಇವು ಹಿಂದೂ-ಮುಸ್ಲಿಮ್ ಎಂಬ ಭೇದವಿಲ್ಲದೆ ಎಲ್ಲರ ಮನೆಮಾತು. 'ವಕೀಲ' ಎಂದರೆ ಇನ್ನೊಬ್ಬರು ನಂಬಿ ಒಪ್ಪಿಸಿದ ಹೊಣೆಯನ್ನು ಹೊತ್ತವನು ಎಂದರ್ಥ. ಅಲ್ಲಾಹನ ಗುಣನಾಮಗಳಲ್ಲಿ 'ಅಲ್ ವಕೀಲ್' ಕೂಡ ಒಂದು. ಕೈಸೋತವನು ಕಟ್ಟಕಡೆಗೆ ತನ್ನ ಹೊಣೆಯನ್ನು ಯಾರಿಗೆ ಒಪ್ಪಿಸುತ್ತಾನೋ ಅವನೇ ಅಲ್ ವಕೀಲ್.

ಇಷ್ಟು ಘನವಾದ ಪದ ಇಂದು ನಮ್ಮ ನಡುವೆ ಅನುಮಾನದ ಪದವಾಗಿದೆ. ದುಡ್ಡು ಕೊಟ್ಟರೆ ಕಪ್ಪನ್ನು ಬಿಳಿ ಮಾಡುವವರು ವಕೀಲರು ಎಂಬ ಮಾತು ಮಸೀದಿಯ ಅಂಗಳದಲ್ಲೂ ಕೇಳುತ್ತದೆ, ಚಹಾದ ಅಂಗಡಿಯಲ್ಲೂ ಕೇಳುತ್ತದೆ. ಧರ್ಮಭೀರುಗಳಾದ ಎಷ್ಟೋ ಮಂದಿ ಎರಡು ಪ್ರಶ್ನೆಗಳನ್ನು ನಿಜವಾದ ಕಳವಳದಿಂದಲೇ ಕೇಳುತ್ತಾರೆ. ಒಂದು: ಅಪರಾಧ ಮಾಡಿದವನಂತೆ ತೋರುವವನ ಪರವಾಗಿ ವಾದಿಸುವುದು ಪಾಪವಲ್ಲವೇ? ಇನ್ನೊಂದು: ಅಪಘಾತದಲ್ಲಿ ಸತ್ತ ಮಗನ ಹೆಸರಿನಲ್ಲಿ ಕೋರ್ಟಿಗೆ ಹೋಗಿ ಹಣ ಕೇಳುವುದು ಮರ್ಯಾದೆಯೇ, ಆ ಹಣ ಹಲಾಲೇ? ಮೇಲ್ನೋಟಕ್ಕೆ ಇವೆರಡೂ ಬೇರೆ ಬೇರೆ. ವಾಸ್ತವದಲ್ಲಿ ಇವು ಒಂದೇ ಪ್ರಶ್ನೆಯ ಎರಡು ಮುಖಗಳು. ನ್ಯಾಯದ ಮುಂದೆ ಮಾತು ಬಾರದವನ ಮಾತನ್ನು ಇನ್ನೊಬ್ಬ ಆಡಬಹುದೇ, ಆಡಿದರೆ ಎಲ್ಲಿಯ ವರೆಗೆ ಆಡಬಹುದು ಎಂಬುದೇ ಆ ಪ್ರಶ್ನೆ.

ಒಂದು ರಸ್ತೆ, ಎರಡು ಮನೆ

ಅಫಜಲಪುರ ತಾಲೂಕಿನ ಸೊನ್ನ ಎಂದೊಡನೆ ನೆನಪಾಗುವುದು ಭೀಮಾ ನದಿಗೆ ಕಟ್ಟಿದ ಬ್ಯಾರೇಜ್. ಅದೇ ಹೆಸರಿನ ಇನ್ನೊಂದು ಊರು ಜೇವರ್ಗಿ ತಾಲೂಕಿನಲ್ಲೂ ಇದೆ. ನೀರು ಸಿಕ್ಕ ಕಡೆಯೆಲ್ಲ ಈ ಸೀಮೆಯ ರೈತರು ಕಬ್ಬು ಬೆಳೆಯುತ್ತಾರೆ. ಹಂಗಾಮು ಬಂತೆಂದರೆ ಅಫಜಲಪುರ ತಾಲೂಕಿನ ಹವಳಗಾ, ಆಳಂದ ತಾಲೂಕಿನ ಭೂಸನೂರಿನ ಸಕ್ಕರೆ ಕಾರ್ಖಾನೆಗಳ ಕಡೆಗೆ ಕಬ್ಬು ಹೇರಿದ ಟ್ರ್ಯಾಕ್ಟರುಗಳು ಎರಡೆರಡು ಟ್ರೇಲರ್ ಎಳೆದುಕೊಂಡು ಹಗಲು-ರಾತ್ರಿ ಸಾಗುತ್ತವೆ. ಹಿಂದಿನ ಟ್ರೇಲರಿಗೆ ಕೆಂಪು ದೀಪ ಇರುವುದು ಅಪರೂಪ.

ಇಂಥ ಒಂದು ರಸ್ತೆಯಲ್ಲಿ ಹೀಗೊಂದು ಪ್ರಸಂಗ ನಡೆಯಿತೆಂದು ಊಹಿಸಿಕೊಳ್ಳೋಣ. ರಾತ್ರಿ ಹೊತ್ತು ಟೈರು ಪಂಕ್ಚರಾಗಿ ಟ್ರ್ಯಾಕ್ಟರ್ ರಸ್ತೆಯಲ್ಲೇ ನಿಂತಿದೆ. ದೀಪವಿಲ್ಲ, ಹಿಂದೆ ಕಲ್ಲು ಇಟ್ಟಿಲ್ಲ, ಟೊಂಗೆ ಹಾಕಿಲ್ಲ. ಬೈಕಿನಲ್ಲಿ ಬಂದ ಗೌಂಡಿ ಕೆಲಸದ ಯುವಕ ಅದಕ್ಕೆ ಬಡಿದು ಸ್ಥಳದಲ್ಲೇ ಸಾಯುತ್ತಾನೆ. ವಯಸ್ಸು 28. ಹೆಂಡತಿ, ಮೂವರು ಸಣ್ಣ ಮಕ್ಕಳು. ಟ್ರ್ಯಾಕ್ಟರ್ ಓಡಿಸುತ್ತಿದ್ದವನು ಅದೇ ಊರಿನ ಕೂಲಿ, ಟ್ರ್ಯಾಕ್ಟರ್ ಬೇರೊಬ್ಬರದು. ಇಬ್ಬರಲ್ಲಿ ಒಬ್ಬ ಹಿಂದೂ, ಇನ್ನೊಬ್ಬ ಮುಸ್ಲಿಮ್. ಯಾರು ಯಾವುದು ಎಂಬುದನ್ನು ಹೇಳದೆ ಬಿಡೋಣ. ನಮ್ಮ ತೀರ್ಮಾನ ಅದನ್ನು ಅವಲಂಬಿಸಿದರೆ ಅದು ತೀರ್ಮಾನವೇ ಅಲ್ಲ.

ಇಂಥವು ಊಹೆಯಲ್ಲಷ್ಟೇ ನಡೆಯುವುದಿಲ್ಲ. 2025ರ ಏಪ್ರಿಲ್‌ನಲ್ಲಿ ಜೇವರ್ಗಿ ತಾಲೂಕಿನ ನೆಲೋಗಿ ಕ್ರಾಸ್ ಬಳಿ ನಿಂತಿದ್ದ ಲಾರಿಗೆ ವ್ಯಾನ್ ಬಡಿದು, ಬಾಗಲಕೋಟೆ ಕಡೆಯಿಂದ ಕಲಬುರಗಿಯ ದರ್ಗಾಕ್ಕೆ ಹೊರಟಿದ್ದ ಐವರು ಅಸುನೀಗಿದರು.

ಒಂದು ಅಪಘಾತದಿಂದ ಎರಡು ಮೊಕದ್ದಮೆಗಳು ಹುಟ್ಟುತ್ತವೆ. ಒಂದು ಚಾಲಕನ ಮೇಲಿನ ಕ್ರಿಮಿನಲ್ ಪ್ರಕರಣ. ಹಿಂದೆ ಅದು ಭಾರತೀಯ ದಂಡ ಸಂಹಿತೆಯ 304ಎ ಕಲಮಿನಡಿ ಬರುತ್ತಿತ್ತು. 2024ರ ಜುಲೈ 1ರಿಂದ ಭಾರತೀಯ ನ್ಯಾಯ ಸಂಹಿತೆಯ 106ನೇ ಕಲಮಿನಡಿ ಬರುತ್ತದೆ. ಎರಡು ವರ್ಷವಿದ್ದ ಗರಿಷ್ಠ ಸಜೆ ಈಗ ಐದು ವರ್ಷ. ಇನ್ನೊಂದು, 1988ರ ಮೋಟಾರು ವಾಹನ ಕಾಯ್ದೆಯಡಿ ಸತ್ತವನ ಮನೆಯವರು ಹಾಕುವ ಪರಿಹಾರದ ಅರ್ಜಿ. ಎರಡೂ ಮನೆಗಳಲ್ಲಿ ಅಳು ಇದೆ. ಎರಡೂ ಮನೆಗಳಿಗೆ ಕಾನೂನು ಗೊತ್ತಿಲ್ಲ. ಎರಡೂ ಮನೆಗಳಿಗೆ ವಕೀಲ ಬೇಕು. ಆದರೆ ಊರು ಸಾಮಾನ್ಯವಾಗಿ ಒಂದು ಮನೆಗೆ ಮಾತ್ರ ಹೋಗುತ್ತದೆ.

ಕವಚ ಕದ್ದವನ ಕಥೆ

ಆರೋಪಿಯ ಪರ ವಾದಿಸಬಾರದು ಎನ್ನುವವರು ಪವಿತ್ರ ಕುರ್‌ಆನಿನ ಒಂದು ಆಜ್ಞೆಯನ್ನು ಮುಂದಿಡುತ್ತಾರೆ. ವಂಚಕರ ಪರವಾಗಿ ವಾದಿಸುವವರಾಗಬೇಡಿ ಎಂಬ ಅರ್ಥದ ಆಜ್ಞೆ ಅನ್ನಿಸಾ ಅಧ್ಯಾಯದ 105ನೆಯ ಸೂಕ್ತದಲ್ಲಿದೆ. ಆಜ್ಞೆ ಸ್ಪಷ್ಟ. ಆದರೆ ಅದು ಯಾವ ಸಂದರ್ಭದಲ್ಲಿ ಬಂತು ಎಂಬುದನ್ನು ಅವರು ಹೇಳುವುದಿಲ್ಲ.

ವ್ಯಾಖ್ಯಾನಕಾರರು ತಿಳಿಸುವ ಪ್ರಕಾರ ಮದೀನಾದಲ್ಲಿ ಮುಸ್ಲಿಮನೆನಿಸಿಕೊಂಡಿದ್ದ ಒಬ್ಬಾತ ಯುದ್ಧಕವಚವೊಂದನ್ನು ಕದ್ದ. ಸಿಕ್ಕಿಬೀಳುವ ಭಯದಿಂದ ಅದನ್ನು ಒಬ್ಬ ಯಹೂದಿಯ ಬಳಿ ಇಟ್ಟ. ಕವಚ ಯಹೂದಿಯ ಬಳಿ ಸಿಕ್ಕಿತು. ಕಳ್ಳನ ಬಳಗದವರು ಗುಂಪಾಗಿ ಪ್ರವಾದಿ ಮುಹಮ್ಮದ್(ಸ)ರ ಬಳಿಗೆ ಬಂದು ತಮ್ಮವನು ನಿರಪರಾಧಿ, ಕದ್ದವನು ಯಹೂದಿ ಎಂದು ವಾದಿಸಿದರು. ಸಾಕ್ಷ್ಯ ಯಹೂದಿಯ ವಿರುದ್ಧವಿತ್ತು. ಅವನ ಪರವಾಗಿ ಮಾತಾಡಲು ಯಾರೂ ಇರಲಿಲ್ಲ. ಆಗ ಅವತೀರ್ಣವಾದ ಸೂಕ್ತಗಳು ಅವನ ನಿರಪರಾಧವನ್ನು ಸಾರಿದವು. ತಾವು ಮಾಡಿದ ಪಾಪವನ್ನು ನಿರ್ದೋಷಿಯ ಮೇಲೆ ಹೊರಿಸುವವರನ್ನು ಕಟುವಾಗಿ ಖಂಡಿಸಿದವು.

ಈ ಘಟನೆಯನ್ನು ನಾವು ನಿಧಾನವಾಗಿ ಯೋಚಿಸಬೇಕು. ಇಲ್ಲಿ ವಂಚಕ ಯಾರು? ಎಲ್ಲರೂ ಬೆರಳು ತೋರಿಸುತ್ತಿದ್ದ ಆರೋಪಿಯಲ್ಲ. ಬೆರಳು ತೋರಿಸಿದವನೇ ವಂಚಕ. ಅವನಿಗೆ ಬಳಗವಿತ್ತು, ಬಾಯಿಯಿತ್ತು, ಧರ್ಮದ ನಂಟೂ ಇತ್ತು. ಆರೋಪಿಗೆ ಇವ್ಯಾವುದೂ ಇರಲಿಲ್ಲ. ಹೀಗಿರುವಾಗ ಆರೋಪಿಗೆ ವಕೀಲ ಸಿಗಬಾರದು ಎನ್ನಲು ಈ ಆಜ್ಞೆಯನ್ನು ಬಳಸುವುದು ಅದನ್ನು ತಲೆಕೆಳಗು ಮಾಡಿದಂತೆ. ನಮ್ಮವನು ಎಂಬ ಒಂದೇ ಕಾರಣಕ್ಕೆ ಸುಳ್ಳಿನ ಪರ ನಿಲ್ಲಬೇಡಿ ಎಂದು ಅದು ಹೇಳುತ್ತದೆ. ಮಾತಿಲ್ಲದವನ ಪರ ನಿಲ್ಲಬೇಡಿ ಎಂದು ಅದು ಎಲ್ಲೂ ಹೇಳುವುದಿಲ್ಲ.

ಯಾರು ವಂಚಕ ಎಂಬುದು ವಿಚಾರಣೆಯ ಕೊನೆಗೆ ತಿಳಿಯಬೇಕಾದ ವಿಷಯ. ಅದನ್ನು ಮೊದಲೇ ಗೊತ್ತುಮಾಡಿಕೊಂಡು ವಕಾಲತ್ತು ನಿರಾಕರಿಸಿದರೆ ವಿಚಾರಣೆಗೆ ಅರ್ಥವೇ ಉಳಿಯುವುದಿಲ್ಲ. ಮದೀನಾದಲ್ಲಿ ಸತ್ಯವನ್ನು ತಿಳಿಸಲು ದಿವ್ಯವಾಣಿ ಬಂತು. ಅಫಜಲಪುರದ ಕೋರ್ಟಿಗೆ ದಿವ್ಯವಾಣಿ ಬರುವುದಿಲ್ಲ. ಅಲ್ಲಿ ಸತ್ಯ ಹೊರಬರಬೇಕಾದರೆ ಎರಡೂ ಕಡೆಯವರು ಮಾತಾಡಬೇಕು, ಸಾಕ್ಷಿಗಳನ್ನು ಪಾಟೀಸವಾಲಿಗೆ ಒಳಪಡಿಸಬೇಕು.

ನಾಲಗೆಯ ಅಸಮಾನತೆ

ಎಲ್ಲರಿಗೂ ಒಂದೇ ಬಗೆಯ ನಾಲಗೆ ಇರುವುದಿಲ್ಲ. ಪ್ರವಾದಿ ಮೂಸಾ(ಅ)ರನ್ನು ಫಿರ್‌ಔನನ ಬಳಿಗೆ ಕಳುಹಿಸಿದಾಗ ಅವರು ತಮ್ಮ ನಾಲಗೆ ಓಡದೆಂದು ಹೇಳಿ, ತಮಗಿಂತ ಚೆನ್ನಾಗಿ ಮಾತಾಡಬಲ್ಲ ಸಹೋದರ ಹಾರೂನ್(ಅ)ರನ್ನು ಜೊತೆಗೆ ಕೇಳಿದರು. ತಮ್ಮ ಮೇಲೆ ಆ ಜನರ ಒಂದು ಆರೋಪವಿದೆ, ಅವರು ಕೊಂದಾರೆಂಬ ಭಯವಿದೆ ಎಂದೂ ಹೇಳಿಕೊಂಡರು. ಅವರ ಹೊಡೆತಕ್ಕೆ ಹಿಂದೆ ಒಬ್ಬ ಸತ್ತಿದ್ದ. ಹಾರೂನರನ್ನು ಕೇಳಿದ್ದು ಪ್ರವಾದಿತ್ವದ ಹೊಣೆಗಾಗಿ, ಕೊಲೆ ಮೊಕದ್ದಮೆಗಾಗಿ ಅಲ್ಲ ಎಂಬುದು ನಿಜ. ಆದರೂ ಅಧಿಕಾರದ ಮುಂದೆ ಆರೋಪ ಹೊತ್ತು ನಿಲ್ಲುವವನಿಗೆ ಮಾತು ಬಲ್ಲ ಜೊತೆಗಾರ ಬೇಕೆನಿಸುವುದು ಸಹಜ, ಅದನ್ನು ಕೇಳುವುದು ತಪ್ಪಲ್ಲ ಎಂಬುದಕ್ಕೆ ಇದಕ್ಕಿಂತ ದೊಡ್ಡ ನಿದರ್ಶನ ಬೇಕಿಲ್ಲ. ಅವರ ಬೇಡಿಕೆ ಈಡೇರಿತು.

ಮಾತಿನ ಬಲದಿಂದ ತಪ್ಪು ತೀರ್ಪು ಆಗಬಹುದೆಂಬ ಎಚ್ಚರವೂ ನಮ್ಮ ಪರಂಪರೆಯಲ್ಲಿದೆ. ತಾವೂ ಮನುಷ್ಯರೇ, ವಾದಿಗಳಲ್ಲಿ ಒಬ್ಬ ಇನ್ನೊಬ್ಬನಿಗಿಂತ ಚತುರನಾಗಿರಬಹುದು, ಹಾಗೆ ಮಾತಿನಿಂದ ಪಡೆದ ಸಹೋದರನ ಹಕ್ಕು ಬೆಂಕಿಯ ತುಂಡು ಎಂಬ ಆಶಯದ ಪ್ರವಾದಿ(ಸ)ರ ಮಾತು ಬುಖಾರಿ, ಮುಸ್ಲಿಮ್ ಸಂಗ್ರಹಗಳಲ್ಲಿ ಬಂದಿದೆ. ಹ. ಅಲೀ(ರ)ರನ್ನು ನ್ಯಾಯ ತೀರ್ಮಾನಕ್ಕೆ ಯಮನಿಗೆ ಕಳುಹಿಸುವಾಗ, ಇಬ್ಬರ ಮಾತನ್ನೂ ಕೇಳದೆ ತೀರ್ಪು ಕೊಡಬೇಡಿ ಎಂದು ಅವರು ಉಪದೇಶಿಸಿದ್ದರು. ಇವೆರಡನ್ನೂ ಜೊತೆಗಿಟ್ಟು ನೋಡಿದರೆ ವಕಾಲತ್ತಿನ ಸಮರ್ಥನೆಯೂ ಸಿಗುತ್ತದೆ, ಅದರ ಗಡಿಯೂ ಸಿಗುತ್ತದೆ. ತೊದಲುವವನಿಗೆ ನಾಲಗೆಯಾಗುವುದು ಪುಣ್ಯ. ಅದೇ ನಾಲಗೆಯಿಂದ ಇನ್ನೊಬ್ಬನ ಹಕ್ಕನ್ನು ಕಸಿಯುವುದು ಬೆಂಕಿ.

ನಮ್ಮ ದೇಶದ ಕಾನೂನು ಹೇಳುವುದೂ ಹೆಚ್ಚುಕಡಿಮೆ ಇದನ್ನೇ. ಬಂಧಿತನಿಗೆ ತನ್ನ ಆಯ್ಕೆಯ ವಕೀಲನನ್ನು ಕಾಣುವ ಹಕ್ಕು ಸಂವಿಧಾನದ 22ನೇ ವಿಧಿಯಲ್ಲಿದೆ. ಆರೋಪಿ ತಪ್ಪಿತಸ್ಥನೋ ಅಲ್ಲವೋ ಎಂಬ ತನ್ನ ಸ್ವಂತ ಅಭಿಪ್ರಾಯವನ್ನು ಬದಿಗಿಟ್ಟು ಅವನ ಪರ ವಾದಿಸುವುದು ವಕೀಲನ ಕರ್ತವ್ಯ ಎಂದು ಭಾರತೀಯ ವಕೀಲರ ಪರಿಷತ್ತಿನ ನಿಯಮ ಹೇಳುತ್ತದೆ. ಸಾಕಷ್ಟು ಸಾಕ್ಷ್ಯವಿಲ್ಲದೆ ಯಾರಿಗೂ ಶಿಕ್ಷೆಯಾಗಬಾರದು ಎಂಬುದೇ ಅದಕ್ಕೆ ಕೊಟ್ಟ ಕಾರಣ. ಬಡ ಆರೋಪಿ ತಾನಾಗಿ ಕೇಳದಿದ್ದರೂ ಉಚಿತ ವಕೀಲ ಸಿಗುತ್ತಾನೆಂದು ಅವನಿಗೆ ತಿಳಿಸುವುದು ಮ್ಯಾಜಿಸ್ಟ್ರೇಟರ ಹೊಣೆ ಎಂದು ಸುಪ್ರೀಂ ಕೋರ್ಟ್ 1986ರಲ್ಲಿ ಅರುಣಾಚಲ ಪ್ರದೇಶದ ಸುಖದಾಸ್ ಪ್ರಕರಣದಲ್ಲಿ ಸಾರಿತು.

ವಕೀಲನಿಲ್ಲದ ವಿಚಾರಣೆಯಿಂದ ಏನಾಗುತ್ತದೆ ಎಂಬುದಕ್ಕೆ ದಿಲ್ಲಿಯ ಒಂದು ಉದಾಹರಣೆ ಸಾಕು. 1997ರ ಬಸ್ ಸ್ಫೋಟವೊಂದರಲ್ಲಿ ಆರೋಪಿಯಾಗಿದ್ದ ವಿದೇಶಿ ಪ್ರಜೆಗೆ ಮರಣದಂಡನೆ ವಿಧಿಸಲಾಗಿತ್ತು. ಬಹುಪಾಲು ಸಾಕ್ಷಿಗಳ ವಿಚಾರಣೆ ನಡೆದಾಗ ಅವನ ಪರ ವಕೀಲರೇ ಇರಲಿಲ್ಲ. 2012ರಲ್ಲಿ ಸುಪ್ರೀಂ ಕೋರ್ಟ್ ಶಿಕ್ಷೆಯನ್ನು ರದ್ದುಪಡಿಸಿ ಹೊಸದಾಗಿ ವಿಚಾರಣೆ ನಡೆಸಲು ಆದೇಶಿಸಿತು. ಈ ಸಲ ವಕೀಲರಿದ್ದರು. 2013ರಲ್ಲಿ ಅವನು ಆರೋಪಮುಕ್ತನಾದ. ಅದೇ ಪ್ರಕರಣ, ಅದೇ ಮನುಷ್ಯ. ನಡುವೆ ಬಂದ ಮುಖ್ಯ ವ್ಯತ್ಯಾಸ ಅವನ ಪರ ಪ್ರಶ್ನೆ ಕೇಳುವ ಒಂದು ಬಾಯಿ.

ಕಲಬುರಗಿಯ ಜನರಿಗೆ ದಿಲ್ಲಿಯ ಉದಾಹರಣೆಯೂ ಬೇಕಿಲ್ಲ. 1994ರ ಜನವರಿಯಲ್ಲಿ ಈ ಊರಿನ ಫಾರ್ಮಸಿ ವಿದ್ಯಾರ್ಥಿಯೊಬ್ಬನನ್ನು ರೈಲು ಸ್ಫೋಟಗಳ ಪ್ರಕರಣದಲ್ಲಿ ಬಂಧಿಸಲಾಯಿತು. ಆಗ ಅವನಿಗೆ ಇಪ್ಪತ್ತು ವರ್ಷದ ಆಸುಪಾಸು. ಅನಂತರ ಇಂಜಿನಿಯರ್ ಆಗಿದ್ದ ಅಣ್ಣನನ್ನೂ ಬಂಧಿಸಿದರು. ಮೊಕದ್ದಮೆ ಟಾಡಾ ಕಾಯ್ದೆಯಡಿ ನಡೆಯಿತು. ಪೊಲೀಸರ ಮುಂದೆ ಕೊಟ್ಟಿದ್ದೆನ್ನಲಾದ ತಪ್ಪೊಪ್ಪಿಗೆಯ ಆಧಾರದ ಮೇಲೆ ಜೀವಾವಧಿ ಶಿಕ್ಷೆಯಾಯಿತು. ತಂದೆ ಕೋರ್ಟಿನಿಂದ ಕೋರ್ಟಿಗೆ ಅಲೆಯುತ್ತಲೇ 2006ರಲ್ಲಿ ತೀರಿಕೊಂಡರು. 2016ರ ಮೇ ತಿಂಗಳಲ್ಲಿ ಸುಪ್ರೀಂ ಕೋರ್ಟ್ ಆತನನ್ನು ಬಿಡುಗಡೆ ಮಾಡಿತು. ಅಷ್ಟರಲ್ಲಿ ಜೈಲಿನಲ್ಲಿ ಕಳೆದದ್ದು ಇಪ್ಪತ್ತೆರಡು ವರ್ಷಕ್ಕೂ ಹೆಚ್ಚು. ಇಂಥವನ ಪರ ವಕಾಲತ್ತು ಹಾಕಿದವರು 'ದೇಶದ್ರೋಹಿಯ ಪರ' ನಿಂತರೋ, ನಿರಪರಾಧಿಯ ಪರ ನಿಂತರೋ? ಉತ್ತರ 2016ರಲ್ಲಿ ಎಲ್ಲರಿಗೂ ಗೊತ್ತಾಯಿತು. ವಕೀಲ ಮಾತ್ರ ಗೊತ್ತಾಗುವ ಮೊದಲೇ ನಿಲ್ಲಬೇಕಾಗುತ್ತದೆ.

ನಮ್ಮ ಪರೀಕ್ಷೆ

2020ರ ಆರಂಭದಲ್ಲಿ ನಮ್ಮ ರಾಜ್ಯದಲ್ಲೇ ಎರಡು ಪ್ರಸಂಗಗಳು ನಡೆದವು. ಮೈಸೂರಿನಲ್ಲಿ ಪ್ರತಿಭಟನೆಯಲ್ಲಿ ಫಲಕ ಹಿಡಿದಿದ್ದ ಯುವತಿಯೊಬ್ಬಳ ಪರ, ಹುಬ್ಬಳ್ಳಿಯಲ್ಲಿ ರಾಜದ್ರೋಹದ ಆರೋಪ ಹೊತ್ತ ಮೂವರು ಕಾಶ್ಮೀರಿ ವಿದ್ಯಾರ್ಥಿಗಳ ಪರ ಯಾರೂ ವಕಾಲತ್ತು ಹಾಕಬಾರದೆಂದು ಅಲ್ಲಲ್ಲಿನ ವಕೀಲರ ಸಂಘಗಳು ನಿರ್ಣಯಿಸಿದವು. ಇಂಥ ನಿರ್ಣಯಗಳು ಸಂವಿಧಾನಕ್ಕೂ ವೃತ್ತಿಧರ್ಮಕ್ಕೂ ವಿರುದ್ಧ, ಅವುಗಳಿಗೆ ಬೆಲೆಯಿಲ್ಲ ಎಂದು ಸುಪ್ರೀಂ ಕೋರ್ಟ್ 2010ರಲ್ಲೇ ಹೇಳಿತ್ತು. ಮೈಸೂರಿನ ಪ್ರಕರಣದಲ್ಲಿ ರಾಜ್ಯದ ಬೇರೆ ಬೇರೆ ಕಡೆಯ ನೂರಕ್ಕೂ ಹೆಚ್ಚು ವಕೀಲರು ಮುಂದೆ ಬಂದರು. ಅವರಲ್ಲಿ ಎಲ್ಲ ಧರ್ಮದವರೂ ಇದ್ದರು. ಹುಬ್ಬಳ್ಳಿಯ ವಿಷಯದಲ್ಲಿ ರಾಜ್ಯ ಹೈಕೋರ್ಟು ಮಧ್ಯೆ ಪ್ರವೇಶಿಸಿ ಆ ನಿರ್ಣಯವನ್ನು ತರಾಟೆಗೆ ತೆಗೆದುಕೊಂಡಿತು. ವಾದಿಸಲು ಬಂದ ವಕೀಲರಿಗೆ ಪೊಲೀಸ್ ರಕ್ಷಣೆ ಕೊಡಿಸಿತು.

ನಾವು ಇದನ್ನೆಲ್ಲ ಮೆಚ್ಚಿಕೊಂಡೆವು. ಮೆಚ್ಚಬೇಕಾದದ್ದೇ. ಆದರೆ ಸುಪ್ರೀಂ ಕೋರ್ಟಿನ ಆ 2010ರ ತೀರ್ಪು ಬಂದದ್ದು ಯಾರ ಪ್ರಕರಣದಲ್ಲಿ ಎಂಬುದನ್ನೂ ತಿಳಿದಿರಬೇಕು. ವಕೀಲರೊಬ್ಬರಿಗೂ ಪೊಲೀಸರಿಗೂ ಆದ ಘರ್ಷಣೆಯ ನಂತರ ಪೊಲೀಸರ ಪರ ಯಾರೂ ವಾದಿಸಬಾರದೆಂದು ಕೊಯಮತ್ತೂರಿನ ವಕೀಲರು ನಿರ್ಣಯಿಸಿದ್ದರು. ಅಂದರೆ ಅಲ್ಲಿ ವಕೀಲರ ಬಾಗಿಲು ಮುಚ್ಚಿದ್ದು ಪೊಲೀಸರಿಗೆ. ತತ್ವವೊಂದು ನಿಜವಾದ ತತ್ವವೋ ಅಥವಾ ನಮ್ಮ ಅನುಕೂಲವೋ ಎಂದು ತಿಳಿಯುವುದು ಇಂಥಲ್ಲಿ. ನಮ್ಮ ಹುಡುಗನಿಗೆ ವಕೀಲ ಬೇಕು ಎನ್ನುವ ನಾವು, ನಮ್ಮ ಹುಡುಗನನ್ನು ಹೊಡೆದು ಸಾಯಿಸಿದ ಆರೋಪ ಹೊತ್ತವನಿಗೂ ವಕೀಲ ಬೇಕು ಎನ್ನಬಲ್ಲೆವೇ? ಹಾಗೆನ್ನಲು ಎದೆ ನಡುಗುತ್ತದೆ. ಆದರೂ ಹೇಳಲೇಬೇಕು. ಅವನ ಪರ ವಾದಿಸಿದ ವಕೀಲನನ್ನು ನಾವು ಶತ್ರುವೆಂದು ಕರೆದ ದಿನ, ನಮ್ಮವರ ಪರ ವಾದಿಸುವವರನ್ನು ದೇಶದ್ರೋಹಿಗಳೆಂದು ಕರೆಯುವವರ ಮಾತಿಗೆ ನಾವೇ ಸಹಿ ಹಾಕಿದಂತೆ. ಒಂದು ಜನಾಂಗದ ಮೇಲಿನ ದ್ವೇಷ ನಿಮ್ಮನ್ನು ನ್ಯಾಯದಿಂದ ವಿಮುಖಗೊಳಿಸದಿರಲಿ ಎಂಬ ಅಲ್ ಮಾಇದಾ ಅಧ್ಯಾಯದ ಆಶಯ ಕಷ್ಟದ ದಿನಗಳಿಗಾಗಿಯೇ ಇರುವುದು.

ಈ ಕೆಲಸಕ್ಕೆ ವಕೀಲರು ತೆತ್ತ ಬೆಲೆಯೂ ದೊಡ್ಡದು. 2009ರ ಏಪ್ರಿಲ್‌ನಲ್ಲಿ ಮಂಗಳೂರಿನ ಯುವ ವಕೀಲ ನೌಶಾದ್ ಕಾಸಿಮ್‌ಜಿಯವರನ್ನು ಗುಂಡಿಟ್ಟು ಕೊಲ್ಲಲಾಯಿತು. 2010ರ ಫೆಬ್ರವರಿಯಲ್ಲಿ ಮುಂಬೈಯ ಶಾಹಿದ್ ಆಝ್ಮಿಯವರನ್ನು ಅವರ ಕಚೇರಿಯಲ್ಲೇ ಕೊಂದರು. 2008ರ ಮುಂಬೈ ದಾಳಿಯ ಪ್ರಕರಣದಲ್ಲಿ ಆಝ್ಮಿ ಯಾರ ಪರ ವಾದಿಸುತ್ತಿದ್ದರೋ ಆ ಫಹೀಮ್ ಅನ್ಸಾರಿ, ಅವರು ಸತ್ತ ಕೆಲವೇ ತಿಂಗಳಲ್ಲಿ ಆ ಪ್ರಕರಣದಿಂದ ಆರೋಪಮುಕ್ತರಾದರು. ಆ ಬಿಡುಗಡೆಯನ್ನು 2012ರಲ್ಲಿ ಸುಪ್ರೀಂ ಕೋರ್ಟ್ ಎತ್ತಿಹಿಡಿಯಿತು.

ಅನಾಥರ ಪಾಲು

ಈಗ ಸೊನ್ನದ ದಾರಿಯ ಇನ್ನೊಂದು ಮನೆಗೆ, ಗೌಂಡಿಯ ಮನೆಗೆ ಹೋಗೋಣ. ಅಲ್ಲಿ ಹಿರಿಯರು ಸೇರುತ್ತಾರೆ. ಹೋದ ಜೀವ ಬರುವುದಿಲ್ಲ, ಎಲ್ಲ ದೇವರ ಇಚ್ಛೆ, ಒಂದೇ ಊರಿನವರು ಕೋರ್ಟಿಗೆ ಹೋಗುವುದು ಬೇಡ ಎನ್ನುತ್ತಾರೆ. ಟ್ರ್ಯಾಕ್ಟರಿನ ಮಾಲೀಕ ಇಪ್ಪತ್ತೋ ಐವತ್ತೋ ಸಾವಿರ ಕೊಡುತ್ತಾನೆ. ಅಲ್ಲಿಗೆ ವ್ಯವಹಾರ ಮುಗಿಯಿತು. ಇದು ಕ್ಷಮೆಯೆಂದು ಹಿರಿಯರು ತಿಳಿದಿರುತ್ತಾರೆ.

ಕ್ಷಮೆ ದೊಡ್ಡದು, ಸಂದೇಹವಿಲ್ಲ. ಅರಿಯದೆ ಕೊಂದವನು ಸತ್ತವನ ಮನೆಯವರಿಗೆ ದಿಯತ್, ಅಂದರೆ ಪ್ರಾಣ ಪರಿಹಾರ ಕೊಡಬೇಕೆಂದು, ಅವರು ಬಿಟ್ಟುಕೊಟ್ಟರೆ ಬೇರೆ ಮಾತೆಂದು ಅನ್ನಿಸಾ ಅಧ್ಯಾಯದ 92ನೆಯ ಸೂಕ್ತ ಹೇಳುತ್ತದೆ. ಪರಿಹಾರ ಕೇಳುವುದು ಮಗನ ಪ್ರಾಣಕ್ಕೆ ಬೆಲೆ ಕಟ್ಟಿದಂತಲ್ಲ, ಅದು ದೇವರೇ ಕೊಟ್ಟ ಹಕ್ಕು. ಆದರೆ ಬಿಟ್ಟುಕೊಡುವವರು ಯಾರು? ತನ್ನ ಪಾಲನ್ನು ತಾನು ಬಿಡಬಹುದು. ಅಪ್ರಾಪ್ತ ಮಕ್ಕಳ ಪಾಲನ್ನು ಅಜ್ಜನಾಗಲಿ ಜಮಾಅತಿನ ಅಧ್ಯಕ್ಷನಾಗಲಿ ಉದಾರವಾಗಿ ದಾನ ಮಾಡುವಂತಿಲ್ಲ. ಐದು ವರ್ಷದ ಮಗುವಿನ ಹಕ್ಕನ್ನು ಪಂಚಾಯಿತಿ ಕಟ್ಟೆಯ ಮೇಲೆ ಕೈಬಿಡುವುದು ಕ್ಷಮೆಯಲ್ಲ. ಅನಾಥರ ಸೊತ್ತನ್ನು ತಿನ್ನುವವರ ಬಗ್ಗೆ ಕುರ್‌ಆನ್ ಎಷ್ಟು ಕಠ���ರವಾಗಿ ಮಾತಾಡಿದೆ ಎಂಬುದು ನಮಗೆ ಗೊತ್ತಿದೆ. ತಿನ್ನುವವರಿಗೆ ದಾರಿ ಮಾಡಿಕೊಟ್ಟವರೂ ನಿಶ್ಚಿಂತೆಯಿಂದ ಇರುವಂತಿಲ್ಲ.

ಆ ಹಕ್ಕಿನ ಗಾತ್ರ ಎಷ್ಟು ಎಂಬುದನ್ನು ಒಂದು ಲೆಕ್ಕದಿಂದ ನೋಡಬಹುದು. ಸುಪ್ರೀಂ ಕೋರ್ಟ್ 2009 ಮತ್ತು 2017ರಲ್ಲಿ ನಿಗದಿಪಡಿಸಿದ ಸೂತ್ರದಂತೆ, ಸ್ವಂತ ದುಡಿಮೆಯ 28 ವರ್ಷದವನ ಆದಾಯಕ್ಕೆ ಭವಿಷ್ಯದ ಏರಿಕೆಯೆಂದು ಶೇ. 40 ಸೇರಿಸಬೇಕು. ಅವಲಂಬಿತರು ನಾಲ್ವರಿದ್ದರೆ ಅವನ ಸ್ವಂತ ಖರ್ಚೆಂದು ಕಾಲು ಭಾಗ ಕಳೆಯಬೇಕು. ಉಳಿದ ವಾರ್ಷಿಕ ಮೊತ್ತವನ್ನು 17ರಿಂದ ಗುಣಿಸಬೇಕು. ಗೌಂಡಿಯ ಆದಾಯ ತಿಂಗಳಿಗೆ 12,000 ರೂ. ಎಂದು ಸಾಬೀತಾದರೆ ಈ ಬಾಬ್ತು 25,70,400 ರೂ. ಆಗುತ್ತದೆ. ಪುರಾವೆಯಿಲ್ಲವೆಂದು 8,000 ರೂ. ಮಾತ್ರ ಹಿಡಿದರೆ 17,13,600 ರೂ. ವ್ಯತ್ಯಾಸ ಎಂಟೂವರೆ ಲಕ್ಷಕ್ಕೂ ಹೆಚ್ಚು. ಗೌಂಡಿಗೆ ಸಂಬಳದ ಚೀಟಿ ಎಲ್ಲಿರುತ್ತದೆ? ಕರ್ನಾಟಕದ ಕೂಲಿಕಾರರೊಬ್ಬರ ಪ್ರಕರಣದಲ್ಲಿ ಕೆಳಗಿನವರು 3,000ಕ್ಕೆ ಇಳಿಸಿದ್ದ ತಿಂಗಳ ಆದಾಯವನ್ನು ಸುಪ್ರೀಂ ಕೋರ್ಟ್ 2011ರಲ್ಲಿ ಅವರು ಹೇಳಿದಂತೆ 4,500 ರೂ. ಎಂದೇ ಒಪ್ಪಿತು, ಕೂಲಿಯವನಿಂದ ಕಾಗದಪತ್ರ ನಿರೀಕ್ಷಿಸುವಂತಿಲ್ಲ ಎಂದಿತು. ಇದನ್ನು ತಿಳಿದ, ಮೇಸ್ತ್ರಿಯನ್ನು ಕರೆತಂದು ಸಾಕ್ಷಿ ಹೇಳಿಸುವ ವಕೀಲ ಸಿಕ್ಕರೆ ಮಕ್ಕಳ ಓದು ಮುಂದುವರಿಯುತ್ತದೆ. ಸಿಗದಿದ್ದರೆ ಅವರೂ ಕಬ್ಬು ಕಡಿಯಲು ಹೋಗುತ್ತಾರೆ. ಬದುಕಿ ಉಳಿದ ಗಾಯಾಳುವಿನದೂ ಇದೇ ಕಥೆ. ಕೈ ಕಳೆದುಕೊಂಡ ಗುಮಾಸ್ತ ಕೆಲಸದಲ್ಲಿ ಮುಂದುವರಿಯಬಹುದು. ಕೈ ಕಳೆದುಕೊಂಡ ಬಡಗಿಗೆ ಬದುಕೇ ಹೋಗುತ್ತದೆ. ವೈದ್ಯರು ಬರೆದ ಶೇಕಡಾವಾರು ಊನವನ್ನಷ್ಟೇ ನೋಡದೆ ಅದರಿಂದ ದುಡಿಮೆಗೆ ಬಿದ್ದ ಪೆಟ್ಟನ್ನು ನೋಡಬೇಕೆಂದು ಕೋರ್ಟುಗಳು ಹೇಳಿವೆ. ಅದನ್ನು ಕೋರ್ಟಿಗೆ ನೆನಪಿಸಲು ಒಬ್ಬರು ಬೇಕು.

ಆ ಒಬ್ಬರೇ ಪಾಲು ಕೇಳಿದರೆ? ಪರಿಹಾರ ಬಂದರೆ ಇಷ್ಟು ಶೇಕಡಾ ನನಗೆ ಎಂಬ ಕರಾರು ನಮ್ಮಲ್ಲಿ ಗುಟ್ಟಿನ ಸಂಗತಿಯೇನಲ್ಲ. ವಕೀಲರ ಪರಿಷತ್ತಿನ ನಿಯಮ ಇದನ್ನು ನಿಷೇಧಿಸಿದೆ. ಗಂಡನನ್ನು ಅಪಘಾತದಲ್ಲಿ ಕಳೆದುಕೊಂಡ ತೆಲಂಗಾಣದ ಮಹಿಳೆಯೊಬ್ಬರಿಂದ ವಕೀಲರು ಪರಿಹಾರದ ಮೊತ್ತದ ಲೆಕ್ಕದಲ್ಲಿ ಚೆಕ್ ಬರೆಸಿಕೊಂಡಿದ್ದ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2017ರಲ್ಲಿ ಈ ಪದ್ಧತಿ ಸಾರ್ವಜನಿಕ ಹಿತಕ್ಕೆ ವಿರುದ್ಧ ಎಂದು ಸಾರಿತು. ದುಡಿಮೆಗೆ ತಕ್ಕ ಫೀಸು ವಕೀಲನ ಹಕ್ಕು. ಅನಾಥರ ಪರಿಹಾರದಲ್ಲಿ ವಾರಸುದಾರನಂತೆ ಪಾಲು ಅವನ ಹಕ್ಕಲ್ಲ.

ಸುಳ್ಳಿನ ಆಮಿಷ

ಇನ್ನು ಎಲ್ಲಕ್ಕಿಂತ ಕಷ್ಟದ ಪ್ರಶ್ನೆ. ಆ ಟ್ರ್ಯಾಕ್ಟರಿಗೆ ವಿಮೆ ಇಲ್ಲವೆಂದು ಇಟ್ಟುಕೊಳ್ಳೋಣ. ಶವಾಗಾರದ ಬಾಗಿಲಿಗೇ ಒಬ್ಬ ದಲ್ಲಾಳಿ ಬರುತ್ತಾನೆ. "ಅಣ್ಣಾ, ವಿಮೆ ಇರೋ ಜೀಪೊಂದು ಐತಿ, ಅದರ ನಂಬರ್ ಬರಸೂಣು. ಲೈಸೆನ್ಸ್ ಇರೋ ಹುಡುಗ ತಪ್ಪು ಒಪ್ಪಕೊಂತಾನ. ಮಕ್ಕಳಿಗಿ ರೊಕ್ಕ ಬರ್ತದ, ಯಾರಿಗೇನು ಲುಕ್ಸಾನ್?" ಎನ್ನುತ್ತಾನೆ. ಸತ್ಯ ಹೇಳಿದರೆ ಇಪ್ಪತ್ತೈದು ಲಕ್ಷದ ತೀರ್ಪು ಮಾಲೀಕನ ಕೈಲಾಗದೆ ಬರಿಯ ಕಾಗದವಾಗಿ ಉಳಿಯಬಹುದು. ಸುಳ್ಳು ಹೇಳಿದರೆ ಕಂಪೆನಿ ಕೊಡುತ್ತದೆ. ವಿಧವೆ ಏನು ಮಾಡಬೇಕು? ಅವಳ ವಕೀಲ ಏನು ಮಾಡಬೇಕು?

ಕವಚದ ಕಥೆ ಇಲ್ಲಿ ಮತ್ತೆ ಎದುರು ನಿಲ್ಲುತ್ತದೆ. ಅಪಘಾತ ಮಾಡದ ವಾಹನವನ್ನು ಕಡತದಲ್ಲಿ ಕೂರಿಸುವುದು, ಕದಿಯದವನ ಮನೆಯಲ್ಲಿ ಕವಚ ಇಡುವುದು ಎರಡೂ ಒಂದೇ. ಸುಳ್ಳು ಪರಿಹಾರಕ್ಕೆ ಒಬ್ಬ ಸುಳ್ಳು ಆರೋಪಿ ಬೇಕೇ ಬೇಕು. ತಪ್ಪು ಒಪ್ಪಿಕೊಳ್ಳಲು ಬಂದವನೂ ಬಡವನೇ. ದಂಡ ಕಟ್ಟಿ ಬರುತ್ತೇನೆಂದು ತಿಳಿದವನಿಗೆ ಈಗಿನ ಕಾನೂನಿನಲ್ಲಿ ಐದು ವರ್ಷದ ವರೆಗೆ ಸಜೆಯಾಗಬಹುದು. ಉತ್ತರ ಪ್ರದೇಶದಲ್ಲಿ ಇಂಥ ನಕಲಿ ದಾವೆಗಳು ಬೆಳಕಿಗೆ ಬಂದು, 2021ರಲ್ಲಿ ಸುಪ್ರೀಂ ಕೋರ್ಟ್ ಅಲ್ಲಿನ ವಕೀಲರ ಪರಿಷತ್ತಿನ ಮೌನವನ್ನು ಟೀಕಿಸಬೇಕಾಯಿತು. ಒಂದೊಂದು ನಕಲಿ ದಾವೆಯೂ ಮುಂದೆ ಬರುವ ನಿಜವಾದ ವಿಧವೆಯನ್ನು ಅನುಮಾನದಿಂದ ನೋಡುವಂತೆ ಮಾಡುತ್ತದೆ. ಆದ್ದರಿಂದ ನಮ್ಮ ಉತ್ತರ, ಕೂಡದು ಎಂಬುದೇ.

ಆದರೆ ಹೀಗೆಂದು ಹೇಳಿ ಕೈತೊಳೆದುಕೊಳ್ಳುವುದು ಸುಲಭ. ಸತ್ಯ ಹೇಳಿದ್ದಕ್ಕೆ ಬೆಲೆ ತೆರುವವಳು ಆ ವಿಧವೆ, ಉಪದೇಶ ಮಾಡಿದ ನಾವಲ್ಲ. ಸತ್ಯವಂತ ವಕೀಲ ಇಲ್ಲಿ ಮಾಡಬಹುದಾದ ಕೆಲಸಗಳಿವೆ. ವಿಮೆಯಿಲ್ಲದ ವಾಹನವನ್ನು ಮಾಲೀಕ ಭದ್ರತೆ ಕೊಡದ ಹೊರತು ಬಿಡಬಾರದು, ಹರಾಜು ಹಾಕಿ ಹಣವನ್ನು ನ್ಯಾಯಮಂಡಳಿಯಲ್ಲಿ ಇಡಬೇಕು ಎಂಬ ನಿಯಮ ಎಲ್ಲ ರಾಜ್ಯಗಳಲ್ಲೂ ಬರಬೇಕೆಂದು ಸುಪ್ರೀಂ ಕೋರ್ಟ್ 2018ರಲ್ಲಿ ನಿರ್ದೇಶಿಸಿದೆ. ಅದನ್ನು ಮೊದಲ ವಾರದಲ್ಲೇ ಕೇಳಬೇಕು. ಅದೂ ಸಾಲದಿದ್ದರೆ ಸಮುದಾಯ ಹೆಗಲು ಕೊಡಬೇಕು. ಇಸ್ಲಾಮಿನ ಕಾನೂನಿನಲ್ಲಿ ಅರಿಯದೆ ಆದ ಕೊಲೆಯ ದಿಯತನ್ನು ಕೊಂದವನೊಬ್ಬನೇ ಹೊರುತ್ತಿರಲಿಲ್ಲ. 'ಆಕಿಲಾ' ಎಂಬ ಅವನ ಬಳಗವೆಲ್ಲ ಹಂಚಿಕೊಂಡು ಹೊರುತ್ತಿತ್ತು. ಅನಾಥರು ಸುಳ್ಳಿನ ಮನೆ ಬಾಗಿಲಿಗೆ ಹೋಗಬಾರದೆಂದಾದರೆ ಸತ್ಯದ ಮನೆಯಲ್ಲಿ ಅವರಿಗೆ ಅನ್ನ ಇರಬೇಕು.

ಆರೋಪಿಯ ವಕೀಲನ ಗಡಿಯೂ ಇದೇ. ಚಾಲಕನ ಪರ ಅವನು ಏನೆಲ್ಲ ಹೇಳಬಹುದು? ರಸ್ತೆಯಲ್ಲಿ ಬೆಳಕಿರಲಿಲ್ಲ, ಟ್ರೇಲರಿಗೆ ದೀಪ ಹಾಕಿಸಬೇಕಾದವನು ಮಾಲೀಕ, ಬೈಕು ವೇಗವಾಗಿತ್ತೇ ಎಂದು ಸಾಕ್ಷಿಯನ್ನು ಕೇಳಬಹುದು, ಸಜೆ ಕಡಿಮೆ ಮಾಡಲು ಕೋರಬಹುದು. ಗಾಡಿ ಓಡಿಸಿದ್ದು ಇವನಲ್ಲ ಎಂದು ಬೇರೊಬ್ಬನನ್ನು ತೋರಿಸಬಾರದು. ತಪ್ಪು ಮಾಡಿದ್ದು ನಿಜವೆಂದು ತಿಳಿದೂ ಸಾಕ್ಷ್ಯದ ಲೋಪದಿಂದ ಒಬ್ಬನನ್ನು ಬಿಡಿಸಿದ ವಕೀಲನ ಮನಸ್ಸು ರಾತ್ರಿ ಏನು ಹೇಳೀತು ಎಂಬುದಕ್ಕೆ ಸುಲಭದ ಉತ್ತರವಿಲ್ಲ. ಸಾಬೀತು ಮಾಡುವ ಹೊಣೆಯನ್ನು ಸರಕಾರದ ಮೇಲಿಂದ ಒಮ್ಮೆ ಇಳಿಸಿಬಿಟ್ಟರೆ ನಾಳೆ ನಿರಪರಾಧಿಯೂ ಉಳಿಯಲಾರ ಎಂಬಷ್ಟನ್ನು ಮಾತ್ರ ಹೇಳಬಹುದು.

ಊರು ಮಾಡಬೇಕಾದದ್ದು

2008ರ ವರೆಗೆ ಹೈಕೋರ್ಟಿಗೆ ಹೋಗಲು ಈ ಸೀಮೆಯವರು ಬೆಂಗಳೂರಿನ ದಾರಿ ಹಿಡಿಯಬೇಕಿತ್ತು. ಆ ವರ್ಷ ಕಲಬುರಗಿಯಲ್ಲಿ ಸಂಚಾರಿ ಪೀಠ ಬಂತು, 2013ರಲ್ಲಿ ಅದು ಕಾಯಂ ಆಯಿತು. ಕೋರ್ಟು ಹತ್ತಿರ ಬಂದಿದೆ, ಕಾನೂನಿನ ತಿಳುವಳಿಕೆ ಇನ್ನೂ ಬಂದಿಲ್ಲ. ಕಾನೂನು ಸೇವೆಗಳ ಪ್ರಾಧಿಕಾರ ಕಾಯ್ದೆಯ ಪ್ರಕಾರ ಬಂಧನದಲ್ಲಿರುವವರು, ಮಹಿಳೆಯರು, ಮಕ್ಕಳು, ಅಂಗವಿಕಲರು, ಪರಿಶಿಷ್ಟ ಜಾತಿ-ಪಂಗಡದವರು ಆದಾಯ ಎಷ್ಟಿದ್ದರೂ ಉಚಿತ ವಕೀಲರನ್ನು ಪಡೆಯಬಹುದು. 15100 ಸಂಖ್ಯೆಗೆ ಫೋನು ಮಾಡಿದರೆ ಮಾಹಿತಿ ಸಿಗುತ್ತದೆ. ನಮ್ಮ ಕಾಲ್ಪನಿಕ ಪ್ರಸಂಗದ ಚಾಲಕನನ್ನು ಬಂಧಿಸಿದರೆ ಅವನಿಗೂ ಸಿಗುತ್ತದೆ, ವಿಧವೆಗೂ ಸಿಗುತ್ತದೆ. ಪರಿಹಾರದ ಅರ್ಜಿಗೆ ಆರು ತಿಂಗಳ ಗಡುವು 2022ರ ಏಪ್ರಿಲ್‌ನಿಂದ ಜಾರಿಗೆ ಬಂದು, ಅದು ಸುಪ್ರೀಂ ಕೋರ್ಟಿನಲ್ಲಿ ಪ್ರಶ್ನೆಗೊಳಗಾಗಿದೆ. ಹಾಗಾಗಿ ನಲವತ್ತನೆಯ ದಿನ ಮುಗಿಯಲಿ, ವರ್ಷ ಕಳೆಯಲಿ ಎಂದು ಕಾಯಬಾರದು. ಲೋಕ ಅದಾಲತ್‌ನಲ್ಲಿ ರಾಜಿಗೆ ಸಹಿ ಹಾಕಿದರೆ ಮೇಲ್ಮನವಿ ಇಲ್ಲ. ಓದಿಸಿಕೊಂಡು ಸಹಿ ಹಾಕಬೇಕು.

ಸತ್ತವನಿಗೆ ಜನಾಝಾ ನಮಾಝ್ ಮಾಡುವುದು ಫರ್ಝ್ ಕಿಫಾಯಾ ಎಂದು ನಾವು ಬಲ್ಲೆವು. ಊರಿನಲ್ಲಿ ಕೆಲವರಾದರೂ ಮಾಡಲೇಬೇಕು, ಯಾರೂ ಮಾಡದಿದ್ದರೆ ಎಲ್ಲರೂ ಹೊಣೆ. ಮಾತು ಬಾರದ ಜೀವಂತ ಮನುಷ್ಯ ಠಾಣೆಯಲ್ಲೋ ಕೋರ್ಟಿನಲ್ಲೋ ಒಂಟಿಯಾಗಿ ನಿಂತಿರುವಾಗ ಅವನ ಜೊತೆ ಯಾರಾದರೂ ಹೋಗುವುದನ್ನೂ ಅದೇ ಸಾಲಿನಲ್ಲಿ ಎಣಿಸಬೇಕು. ಪ್ರತಿ ಊರಿನಲ್ಲೂ ಎಫ್‌ಐಆರ್ ಓದಬಲ್ಲ, ತಾಲೂಕಿನ ಕಾನೂನು ಸೇವಾ ಸಮಿತಿಗೆ ಜೊತೆಯಾಗಿ ಹೋಗಬಲ್ಲ ನಾಲ್ಕು ಮಂದಿ ಬೇಕು. ಅವರು ಮಸೀದಿಯವರೂ ಆಗಿರಲಿ, ಮಠದವರೂ ಆಗಿರಲಿ. ಮತ್ತು ಅವರು ಅಪಘಾತದ ಮರುದಿನ ಎರಡೂ ಮನೆಗಳಿಗೆ ಹೋಗಲಿ.